ಹೃದಯಕ್ಕೆ ‘ಬಡಿ’ ಅಂತ ಹೇಳುವವರು ಯಾರು?

ಕಾರಟಗಿಯ ಓದುಗರೊಬ್ಬರ ಪ್ರಶ್ನೆ: ಕೋಳಿ ಅಂಗಡಿಯಲ್ಲಿ ಕೊಯ್ದು ಹೊರಗಿಟ್ಟ ಹೃದಯ ಇನ್ನೂ ಮಿಡಿಯುತ್ತಿತ್ತು. ಮಿದುಳಿನ ನಂಟೇ ಕಡಿದ ಮೇಲೆ ಅದು ಹೇಗೆ ಬಡಿಯುತ್ತೆ?

ಮಿದುಳು ಹೇಳಬೇಕಾಗಿಯೇ ಇಲ್ಲ. ಹೃದಯ ತನ್ನ ಕಿಡಿಯನ್ನು ತಾನೇ ಹೊತ್ತಿಸಿಕೊಳ್ಳುತ್ತದೆ. ನಮ್ಮ ಹೃದಯದ ಬಲ ಮೇಲಿನ ಕೋಣೆಗೆ ದೊಡ್ಡ ರಕ್ತನಾಳ ಬಂದು ಸೇರುವಲ್ಲಿ ಒಂದೆರಡು ಸೆಂಟಿಮೀಟರ್ ಉದ್ದದ, ವಿಶೇಷ ಕೋಶಗಳ ಸಣ್ಣ ಪಟ್ಟಿಯೊಂದಿದೆ. ಹೆಸರು ಎಸ್‌ಎ ನೋಡ್. 1907ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಇದನ್ನು ಗುರುತಿಸಿದರು.

ಕಿಡಿ ಹುಟ್ಟೋದು ಹೇಗೆ? ನಿಮ್ಮೂರ ಭತ್ತದ ಗದ್ದೆಯನ್ನೇ ನೋಡಿ. ಮಡಿಗೆ ನೀರು ಸುಮ್ನೆ ಜಿನುಗುತ್ತಿರುತ್ತದೆ. ಮಟ್ಟ ಬದುವಿನ ತುದಿ ಮುಟ್ಟಿತೋ, ಒಮ್ಮೆಲೇ ಕೆಳಗಿನ ಮಡಿಗೆ ಧುಮುಕುತ್ತದೆ. ಈ ಕೋಶಗಳೊಳಕ್ಕೂ ಸೋಡಿಯಂ ಹೀಗೇ ಜಿನುಗುತ್ತದೆ. ಒಂದು ಮಟ್ಟ ದಾಟಿದ ಕೂಡಲೇ ಕ್ಯಾಲ್ಸಿಯಂ ನುಗ್ಗಿ ವಿದ್ಯುತ್ ಕಿಡಿ ಏಳುತ್ತದೆ. ಕಿಡಿ ಆರಿದ ಮೇಲೆ ಜಿನುಗು ಮತ್ತೆ ಶುರು. ಕೈಕಾಲಿನ ಸ್ನಾಯುಗಳು ನರ ಹೇಳಲಿ ಅಂತ ಕಾಯುತ್ತವೆ. ಇವು ಕಾಯೋದಿಲ್ಲ. ಎಷ್ಟು ಸಲ ಓದಿದರೂ ನನಗೆ ಇದು ಸೋಜಿಗವೇ.

ಕಿಡಿ ಮೇಲಿನ ಕೋಣೆಗಳಲ್ಲಿ ಹರಡಿ, ಮೇಲಿನ-ಕೆಳಗಿನ ಕೋಣೆಗಳ ನಡುವೆ ಇರುವ ಎವಿ ನೋಡ್‌ಗೆ ಬರುತ್ತದೆ. ಅದು ಕಾಲುವೆಯ ತೂಬಿನಂತೆ ಸೆಕೆಂಡಿನ ಹತ್ತನೇ ಒಂದು ಭಾಗ ತಡೆದು ಕೆಳಗೆ ಬಿಡುತ್ತದೆ. ಅಷ್ಟರಲ್ಲಿ ಮೇಲಿನ ರಕ್ತ ಕೆಳಗಿನ ಕೋಣೆಗಳಿಗೆ ಇಳಿದಿರುತ್ತದೆ.

ಹಾಗಾದರೆ ಮಿದುಳಿಗೆ ಕೆಲಸ ಇಲ್ವಾ? ಇದೆ, ಲಗಾಮು ಹಿಡಿಯೋದು. ಎಸ್‌ಎ ನೋಡ್‌ನ ಸ್ವಂತ ವೇಗ ನಿಮಿಷಕ್ಕೆ ಸುಮಾರು 100. ಮಿದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರ ಅದನ್ನು 70ರ ಸುತ್ತ ಇಳಿಸುತ್ತದೆ. ಕಸಿ ಮಾಡಿದ ಹೃದಯಕ್ಕೆ ಆ ನರ ಇರೋದಿಲ್ಲ. ಅದಕ್ಕೇ ಅದು ಸುಮ್ನೆ ಕೂತಾಗಲೂ ಜಾಸ್ತಿ ಬಡಿಯುತ್ತದೆ.

ಎಸ್‌ಎ ನೋಡ್ ಸೋತರೆ ಕೆಳಗಿನ ಕೋಶಗಳು ಕೆಲಸ ಹಿಡಿಯುತ್ತವೆ. ಆದರೆ ನಿಧಾನ: ಎವಿ ನೋಡ್ ಸುತ್ತಲಿನವು 40ರಿಂದ 60, ಇನ್ನೂ ಕೆಳಗಿನವು 20ರಿಂದ 40. ಸಿಂಧನೂರಿನ ನಮ್ಮ ಮಾವನಿಗೆ ನಿಂತಲ್ಲೇ ಕಣ್ಣು ಕತ್ತಲೆ ಬರುತ್ತಿತ್ತು. ಎರಡು ಸಲ ‘ನಿಶ್ಶಕ್ತಿ’ ಅಂತ ಗ್ಲುಕೋಸ್ ಏರಿಸಿ ಕಳಿಸಿದರು. ಮೂರನೇ ಸಲ ಒಬ್ಬ ನರ್ಸ್ ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದರು. 36! ಆಮೇಲೆ ಇಸಿಜಿ, ಹೃದಯಕ್ಕೆ ಹೊರಗಿನಿಂದ ಕಿಡಿ ಕೊಡುವ ಪುಟ್ಟ ಯಂತ್ರ ಪೇಸ್‌ಮೇಕರ್. ಈಗ ಹೊಲಕ್ಕೆ ಹೋಗಿ ಬರುತ್ತಾರೆ.

ಮೈ ಮುರಿದು ದುಡಿಯುವವರ ನಾಡಿ ಕೂತಾಗ 50ರ ಸುತ್ತ ಇದ್ದರೂ, ಬೇರೆ ತೊಂದರೆ ಇಲ್ಲದಿದ್ದರೆ, ಹೆದರಬೇಕಿಲ್ಲ. ಆದರೆ ನಾಡಿ ನಿಧಾನ ಇದ್ದು ತಲೆಯೂ ಸುತ್ತಿದರೆ, ಗ್ಲುಕೋಸ್ ಬಾಟಲಿಗೆ ಮೊದಲು ಇಸಿಜಿ ಮಾಡಿ ಅಂತ ಕೇಳಿ.