ಹ್ಯಾಂಗ್ ಗ್ಲೈಡರಿನ ವೀಕ್ ಲಿಂಕ್: ಕೈಯಿಂದ ಕಟ್ಟುವ ಮೊದಲು

ಹಳೆಯ ಮನೆಗಳ ಫ್ಯೂಸ್ ಪೆಟ್ಟಿಗೆಯಲ್ಲಿ ತಂತಿ ಏಕೆ ತೆಳುವಾಗಿರುತ್ತದೆ ಎಂಬುದನ್ನು ಬಲ್ಲವರಿಗೆ ವೀಕ್ ಲಿಂಕ್ ಅರ್ಥವಾಗುವುದು ಕಷ್ಟವಲ್ಲ. ಟಗ್ ವಿಮಾನವು (ಎಳೆದೊಯ್ಯುವ ವಿಮಾನ) ಹ್ಯಾಂಗ್ ಗ್ಲೈಡರನ್ನು, ಅಂದರೆ ಪೈಲಟ್ ಕೆಳಗೆ ಜೋತುಕೊಂಡು ಹಾರಿಸುವ ಎಂಜಿನ್ ಇಲ್ಲದ ರೆಕ್ಕೆಯನ್ನು, ಹಗ್ಗದಿಂದ ಎಳೆಯುವಾಗ ಸೆಳೆತ ಮಿತಿ ಮೀರಿದರೆ, ಗ್ಲೈಡರಿಗೆ ಪೆಟ್ಟಾಗುವ ಮೊದಲೇ ತುಂಡಾಗಲೆಂದು ಬೇಕೆಂದೇ ಸೇರಿಸಿದ ದುರ್ಬಲ ಕೊಂಡಿ ಅದು. ಸೇಲ್‌ಪ್ಲೇನುಗಳಿಗೆ (ಎಂಜಿನ್ ಇಲ್ಲದ, ಉದ್ದ ರೆಕ್ಕೆಯ ವಿಮಾನಗಳಿಗೆ) ಜರ್ಮನಿಯ ಟೋಸ್ಟ್ ಕಂಪನಿಯ ಲೋಹದ ಕೊಂಡಿಗಳಿವೆ. ಅವುಗಳ ಬಲವನ್ನು ಬಣ್ಣದಿಂದಲೇ ಗುರುತಿಸಬಹುದು. ಹ್ಯಾಂಗ್ ಗ್ಲೈಡರಿನವರಾದರೋ ಮೀನು ಹಿಡಿಯಲು ಬಳಸುವ 130 ಪೌಂಡಿನ, ಅಂದರೆ ಸುಮಾರು 59 ಕಿಲೋ ತಾಳುವ, ಹೆಣೆದ ಪಾಲಿಯೆಸ್ಟರ್ ದಾರದಿಂದ ತಾವೇ ಕುಣಿಕೆ ಕಟ್ಟಿಕೊಳ್ಳುವುದು ಅಮೆರಿಕದಲ್ಲಿ ರೂಢಿ.

ಅಮೆರಿಕದ ವಿಮಾನಯಾನ ನಿಯಮ 91.309ರ ಪ್ರಕಾರ ಗ್ಲೈಡರ್ ತುದಿಯ ಕೊಂಡಿಯ ಬಲವು ಹಾರುವ ಒಟ್ಟು ತೂಕದ ಶೇ. 80ಕ್ಕಿಂತ ಕಡಿಮೆಯಿರಬಾರದು, ಎರಡು ಪಟ್ಟನ್ನು ಮೀರಬಾರದು. ಪೈಲಟ್ 75 ಕಿಲೋ, ಗ್ಲೈಡರ್ 30, ಹಾರ್ನೆಸ್ (ಪೈಲಟ್ ಜೋತುಬೀಳುವ ಪಟ್ಟಿಗಳ ಉಡುಪು) ಮತ್ತು ಪ್ಯಾರಾಚೂಟ್ 15 ಎಂದಿಟ್ಟುಕೊಂಡರೆ ಒಟ್ಟು 120 ಕಿಲೋ. ಮಿತಿ 96ರಿಂದ 240. ಇಲ್ಲಿಯೇ ಹೊಸಬರು ಎಡವುತ್ತಾರೆ. ಎಳೆಹಗ್ಗದ ತುದಿಯ ಬಳೆಯೊಳಗಿಂದ ಹಾದುಬರುವ ಬ್ರೈಡಲ್‌ಗೆ (ಗ್ಲೈಡರನ್ನು ಎಳೆಹಗ್ಗಕ್ಕೆ ಸೇರಿಸುವ ಗಿಡ್ಡ ಹಗ್ಗಕ್ಕೆ) ಎರಡು ಕವಲುಗಳಿರುವುದರಿಂದ, ಒಂದು ಕವಲಿನ ತುದಿಯಲ್ಲಿ ಕಟ್ಟಿದ ಕೊಂಡಿಗೆ ಹಗ್ಗದ ಸೆಳೆತದ ಅರ್ಧದಷ್ಟು ಮಾತ್ರ ಬೀಳುತ್ತದೆ. 130 ಕಿಲೋದ ಕೊಂಡಿಯನ್ನು ಅಲ್ಲಿ ಹಾಕಿದರೆ ಹಗ್ಗವು ಸುಮಾರು 260 ಕಿಲೋ ಎಳೆದ ಮೇಲಷ್ಟೇ ಅದು ಕಡಿಯುತ್ತದೆ, ಅಂದರೆ ಮಿತಿ ದಾಟಿಹೋಗಿರುತ್ತದೆ. ಟಗ್‌ನ ತುದಿಯ ಕೊಂಡಿ ನಮ್ಮದಕ್ಕಿಂತ ಬಲವಾಗಿರಬೇಕು, ಆದರೆ ಶೇ. 25ಕ್ಕಿಂತ ಹೆಚ್ಚಲ್ಲ. ಏಕೆಂದರೆ ಟಗ್ ತುದಿಯದೇ ಮೊದಲು ಕಡಿದರೆ ಇಡೀ ಹಗ್ಗ ನಮ್ಮ ಗ್ಲೈಡರಿಗೆ ಜೋತುಬೀಳುತ್ತದೆ.

ದಾರದ ಉಂಡೆಯ ಮೇಲೆ ಅಚ್ಚಾದ ಅಂಕಿಯನ್ನು ನೆಚ್ಚಿ ಕಟ್ಟುವುದು ತಪ್ಪು ಎಂಬುದು ನನ್ನ ದೃಢ ಅಭಿಪ್ರಾಯ. ಕುಣಿಕೆಯಲ್ಲಿ ಎರಡು ಎಳೆಗಳಿದ್ದರೂ ಬಲ ನೇರವಾಗಿ ಇಮ್ಮಡಿಯಾಗುವುದಿಲ್ಲ, ಏಕೆಂದರೆ ಗಂಟಿನೊಳಗೆ ದಾರ ಬಾಗಿ, ತನ್ನನ್ನೇ ಒತ್ತಿಕೊಂಡು ಸೊರಗುತ್ತದೆ. ತುದಿಗಳನ್ನು ಜೋಡಿ ಮೀನುಗಾರರ ಗಂಟಿನಿಂದ (ಡಬಲ್ ಫಿಶರ್‌ಮನ್ಸ್ ನಾಟ್) ಸೇರಿಸಿ, ಒದ್ದೆ ಮಾಡಿ, ನಿಧಾನವಾಗಿ ಬಿಗಿದು, ಬ್ರೈಡಲ್‌ಗೆ ಸುತ್ತಿ ಸಿಕ್ಕಿಸುವಾಗ ಆ ಗಂಟು ಸುತ್ತುಗಳ ಪಕ್ಕಕ್ಕೆ ಸರಿದು ಕೂರುವಂತೆ ನೋಡಿಕೊಂಡರೆ, ಅದರ ಮೇಲೆ ಪೂರ್ತಿ ಭಾರ ಬೀಳುವುದಿಲ್ಲ. ಗಂಟು ಎಲ್ಲಿ ಕೂರುತ್ತದೆ ಎಂಬುದು ಬದಲಾದರೆ ಕಡಿಯುವ ಬಲವೂ ಬದಲಾಗುತ್ತದೆ. ಹಾಗಾಗಿ ಪ್ರತಿಸಲವೂ ಒಂದೇ ರೀತಿ ಕಟ್ಟುವುದೇ ಈ ಕೆಲಸದ ಜೀವಾಳ.

ಪರೀಕ್ಷೆಗೆ, ಹಾರುವಾಗ ಕಟ್ಟುವಂತೆಯೇ ಕಟ್ಟಿದ ಹತ್ತು ಕುಣಿಕೆಗಳನ್ನು ಒಂದೊಂದಾಗಿ ಗಟ್ಟಿ ತೊಲೆಗೆ ನೇತುಹಾಕಿ, ಅದರಿಂದ ನೆಲಕ್ಕಿಂತ ಗೇಣುದ್ದ ಮೇಲೆ ತೂಗುಬಿಟ್ಟ ಪೀಪಾಯಿಗೆ ಮರಳನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತಾ ಹೋಗಿ, ಕಡಿದಾಗ ಪೀಪಾಯಿ ಸಮೇತ ತೂಗಿ ಬರೆದುಕೊಳ್ಳಬೇಕು. ಸರಾಸರಿಯನ್ನಲ್ಲ, ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಅಂಕಿಗಳ ಅಂತರವನ್ನೇ ನೋಡಿ. ಬಿಸಿಲಿಗೆ ಬಣ್ಣ ಮಾಸಿದ, ನವಿರೆದ್ದ ಕುಣಿಕೆಯನ್ನು ಮತ್ತೆ ಬಳಸಬೇಡಿ.

ಕೊಂಡಿ ಅತಿ ದುರ್ಬಲವಾದರೂ ಅಪಾಯವೇ: ನೆಲದ ಹತ್ತಿರ ಮೂತಿ ಮೇಲೆತ್ತಿರುವಾಗ ಅದು ಕಡಿದರೆ ಗ್ಲೈಡರ್ ಸ್ಟಾಲ್ ಆಗಬಹುದು, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿಯಬಹುದು, ಆಗ ತಕ್ಷಣ ಕೈಯಲ್ಲಿ ಹಿಡಿದ ನಿಯಂತ್ರಣದ ಬಾರ್ ಅನ್ನು ಒಳಗೆಳೆದುಕೊಳ್ಳಬೇಕು. ಲಾಕ್‌ಔಟ್‌ನಿಂದ, ಅಂದರೆ ಎಳೆತದಲ್ಲಿ ಗ್ಲೈಡರ್ ವಾಲುತ್ತಾ ಹಿಡಿತ ತಪ್ಪುವುದರಿಂದ, ಮಾತ್ರ ಯಾವ ಕೊಂಡಿಯೂ ಕಾಪಾಡುತ್ತದೆಂದು ನಂಬುವಂತಿಲ್ಲ. ಗ್ಲೈಡರ್ ಒಂದು ಬದಿಗೆ ವಾಲಿ ಹಗ್ಗದ ದಿಕ್ಕಿನಿಂದ ತಿರುಗಿಕೊಂಡು ಮತ್ತಷ್ಟು ವಾಲುತ್ತಿರುವಾಗಲೂ ಸೆಳೆತ ಕಡಿಯುವ ಮಟ್ಟಕ್ಕೆ ಏರಿರದೆ ಇರಬಹುದು. ಆ ಗಳಿಗೆಯಲ್ಲಿ ಕೆಲಸಕ್ಕೆ ಬರುವುದು ಬೆರಳಿಗೆ ಎಟುಕುವಂತೆಯೇ ಇರುವ, ಹಗ್ಗವನ್ನು ಕಳಚುವ ರಿಲೀಸ್.