ಚೌಕಾಬಾರ ಆನ್‌ಲೈನ್‌ಗೆ ಹೋದರೆ ಕವಡೆಗೆ ಏನು ಮಾಡೋದು?

ಪ್ರಶ್ನೆ: ಬೇರೆ ಬೇರೆ ಊರಲ್ಲಿರುವ ನಾವು ನಾಲ್ವರು ಟೇಬಲ್‌ಟಾಪ್ ಸಿಮ್ಯುಲೇಟರ್ ಅನ್ನುವ, ಮಣೆಯಾಟಗಳನ್ನು ಕಂಪ್ಯೂಟರಿನಲ್ಲಿ ಆಡುವ ಸಾಫ್ಟ್‌ವೇರ್‌ನಲ್ಲಿ ಚೌಕಾಬಾರ ಆಡಬೇಕು ಅಂತಿದ್ದೇವೆ. ಪ್ರೋಗ್ರಾಮಿಂಗ್ ಬರಲ್ಲ. ಮಣೆ ನಾವೇ ಮಾಡಿಕೊಳ್ಳಬಹುದಾ? ಕವಡೆ ಬದಲು ಒಂದು ದಾಳ ಇಟ್ಟರೆ ನಡೆಯುತ್ತಾ?

ಉತ್ತರ: ಮಣೆ ಖಂಡಿತ ಮಾಡಿಕೊಳ್ಳಬಹುದು. ಒಂದೇ ದಾಳ ಮಾತ್ರ ಬೇಡ.

ಮಣೆಯ ಕೆಲಸ ಸುಲಭ. ಈ ಸಾಫ್ಟ್‌ವೇರ್‌ಗೆ ನಿಮ್ಮ ಆಟದ ನಿಯಮ ಗೊತ್ತಿರಬೇಕಿಲ್ಲ. ಅದು ಬರೀ ಮೇಜು. ನಿಯಮ ನಿಮ್ಮ ತಲೆಯಲ್ಲಿದ್ದರೆ ಸಾಕು. ಕಾಗದದ ಮೇಲೆ 25 ಮನೆ ಬರೆದು, ಕಟ್ಟೆಗಳಿಗೆ (ಎದುರಾಳಿ ಕಾಯಿ ಕಡಿಯಲಾಗದ ಮನೆಗಳಿಗೆ) ಅಡ್ಡಗೆರೆ ಹಾಕಿ, ಫೋಟೋ ತೆಗೆದು ಕಸ್ಟಮ್ ಬೋರ್ಡ್ ಆಗಿ ಸೇರಿಸಿ. ಕಾಯಿ ಸರಿಯಾಗಿ ಕೂರಲು ಸ್ನ್ಯಾಪ್ ಪಾಯಿಂಟ್, ಅಂದರೆ ಹತ್ತಿರ ಬಿಟ್ಟ ಕಾಯಿಯನ್ನು ತಾನೇ ಎಳೆದುಕೊಳ್ಳುವ ಗುರುತು, ಇಡಬಹುದು. ಒಂದೇ ಮನೆಯಲ್ಲಿ ಹಲವು ಕಾಯಿ ಸೇರುತ್ತವೆ ಅಲ್ವಾ, ಹಾಗಾಗಿ ಮನೆಗೆ ನಾಲ್ಕಾದರೂ ಇರಲಿ. ನಾಲ್ಕು ಬಣ್ಣದ 16 ಕಾಯಿ ಇಟ್ಟರೆ ಮುಗಿಯಿತು.

ಈಗ ಕವಡೆ. ನಾಲ್ಕು ಕವಡೆ ಬೀಸಿದಾಗ ಎಷ್ಟು ಅಂಗಾತ (ಬಾಯಿ ಮೇಲಾಗಿ) ಬೀಳುತ್ತವೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಬೀಳುವ ಗರ ಒಟ್ಟು ಐದೇ ಬಗೆ. ಆದರೆ ಐದೂ ಒಂದೇ ಸಮ ಬೀಳುವುದಿಲ್ಲ. ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮ ಅಂದುಕೊಂಡರೆ, ಸರಾಸರಿ 16 ಸಲಕ್ಕೆ ‘ಎರಡು’ ಆರು ಸಲ, ‘ಒಂದು’ ಮತ್ತು ‘ಮೂರು’ ತಲಾ ನಾಲ್ಕು ಸಲ ಬರುತ್ತವೆ. ಚೌಕ, ಬಾರ ತಲಾ ಒಂದೇ ಸಲ.

ಐದು ಸಂಖ್ಯೆಯ ಒಂದು ದಾಳ ಇಟ್ಟರೆ ಬಾರ ಐದರಲ್ಲೊಂದು ಸಲ ಬೀಳುತ್ತದೆ. ಮತ್ತೊಂದು ಬೀಸು ಬೇರೆ ಸಿಗುತ್ತದೆ. ಕಾಯಿಗಳು ಓಡಿಕೊಂಡು ನಡುಮನೆ ಸೇರಿ ಹಣ್ಣಾಗುತ್ತವೆ. ಎದುರಾಳಿ ಎರಡು ಮನೆ ಹಿಂದಿದ್ದಾನೆ, ಈಗ ಕಟ್ಟೆಗೆ ಹೋಗಲಾ, ಇಲ್ಲೇ ಇರಲಾ ಅನ್ನುವ ಲೆಕ್ಕಾಚಾರಕ್ಕೆ ಅರ್ಥವೇ ಉಳಿಯುವುದಿಲ್ಲ. ನನಗೆ ಚೌಕಾಬಾರದಲ್ಲಿ ಇಷ್ಟವಾಗುವುದೇ ಆ ಲೆಕ್ಕಾಚಾರ.

ದಾರಿ ಸುಲಭವಿದೆ. ಆರು ಮುಖದ ಮಾಮೂಲಿ ದಾಳ ನಾಲ್ಕು ತೆಗೆದುಕೊಳ್ಳಿ. ಬೆಸ ಬಂದರೆ ಅಂಗಾತ, ಸಮ ಬಂದರೆ ಬೋರಲು. ಒಟ್ಟಿಗೆ ಉರುಳಿಸಿ ಬೆಸಗಳನ್ನು ಎಣಿಸಿ. ಕಣ್ಣಿಗೂ ಕವಡೆ ಕಾಣಬೇಕು ಅಂದರೆ ಕಸ್ಟಮ್ ದಾಳ ಮಾಡಿ, ಮೂರು ಮುಖಕ್ಕೆ ಕವಡೆಯ ಬಾಯಿ, ಮೂರಕ್ಕೆ ಬೆನ್ನಿನ ಚಿತ್ರ ಹಾಕಿ.

ಇನ್ನೊಂದು ಮಾತು. ನಿಜವಾದ ಕವಡೆಗಳು ಸರಿಯಾಗಿ ಅರ್ಧಕ್ಕರ್ಧ ಬೀಳುತ್ತವೆ ಅನ್ನುವ ಹಾಗಿಲ್ಲ. ಅದು ಕವಡೆಯ ಆಕಾರ, ತೂಕದ ಮೇಲೆ. ಮನೆಯ ಡಬ್ಬಿಯಲ್ಲಿರುವ ಕವಡೆಗಳನ್ನೇ ನೂರಿನ್ನೂರು ಸಲ ಬೀಸಿ ಬರೆದಿಟ್ಟುಕೊಳ್ಳಿ. ಮೂರರಲ್ಲಿ ಎರಡು ಪಾಲು ಅಂಗಾತವೇ ಬಿದ್ದರೆ, ದಾಳದ ನಾಲ್ಕು ಮುಖಕ್ಕೆ ಬಾಯಿ, ಎರಡಕ್ಕೆ ಬೆನ್ನು ಹಾಕಿ. ಆಗ ಚೌಕ ಹೆಚ್ಚುಕಡಿಮೆ ಐದರಲ್ಲೊಂದು, ಬಾರ 81ರಲ್ಲೊಂದು! ಆಟ ಎಷ್ಟು ಬದಲಾಗುತ್ತದೆ ನೋಡಿ. ಚಿಕ್ಕಂದಿನಿಂದ ಆಡಿದ ಕವಡೆಯ ಗುಣವೇ ಹೀಗೆ ಪರದೆಗೆ ಬರುತ್ತದೆ.

ಖರ್ಚಿನ ವಿಷಯ: ಟೇಬಲ್‌ಟಾಪ್ ಸಿಮ್ಯುಲೇಟರ್ ಆದರೆ ನಾಲ್ವರೂ ಒಂದೊಂದು ಪ್ರತಿ ಕೊಳ್ಳಬೇಕು. ಬೇಡವಾದರೆ ವಸ್ಸಲ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅಲ್ಲೂ ನಾಲ್ಕು ದಾಳದ ಉಪಾಯ ನಡೆಯುತ್ತದೆ.

ಆಟ ಶುರುವಾಗುವ ಮೊದಲು ಮನೆಯ ಹಿರಿಯರಿಗೆ ಒಂದು ಫೋನ್ ಮಾಡಿ. ಒಳಸುತ್ತಿಗೆ ಹೋಗಲು ಎದುರಾಳಿಯ ಒಂದು ಕಾಯಿ ಕಡಿದಿರಲೇಬೇಕಾ, ಜೋಡಿಕಾಯಿ (ಒಂದೇ ಮನೆಯಲ್ಲಿ ಕೂತ ಒಬ್ಬರದೇ ಎರಡು ಕಾಯಿ) ಗಟ್ಟಿಯಾಗುತ್ತದಾ ಅಂತ ಕೇಳಿ ಬರೆದುಕೊಳ್ಳಿ. ಈ ನಿಯಮಗಳು ಮನೆಯಿಂದ ಮನೆಗೆ ಬೇರೆ.