ಶ್ರೀಲಂಕಾ ಪ್ರವಾಸ: ಸಸ್ಯಾಹಾರಿಗಳ ಊಟದ ಗತಿಯೇನು?

ಪ್ರಶ್ನೆ: ಮನೆಮಂದಿಯೆಲ್ಲ ಶ್ರೀಲಂಕಾಕ್ಕೆ ಹೋಗಬೇಕೆಂದಿದ್ದೇವೆ. ನಾವು ಸಸ್ಯಾಹಾರಿಗಳು. ಬೌದ್ಧರ ದೇಶ, ಏನೂ ತೊಂದರೆಯಿಲ್ಲ ಎಂದು ಕೆಲವರು ಹೇಳುತ್ತಾರೆ. ಎಲ್ಲದರಲ್ಲೂ ಮೀನಿರುತ್ತದೆ ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಯಾರ ಮಾತು ನಂಬೋಣ?

ಉತ್ತರ: ಮೊದಲನೆಯವರ ಕಾರಣ ಸರಿಯಿಲ್ಲ, ಎರಡನೆಯವರ ಹೆದರಿಕೆ ತುಸು ಜಾಸ್ತಿಯಾಯಿತು. ಅಲ್ಲಿನ ಜನರಲ್ಲಿ ಶೇ. 70ರಷ್ಟು ಬೌದ್ಧರು ಎನ್ನುವುದು ನಿಜ. ಆದರೆ ಅವರಲ್ಲಿ ಬಹುಪಾಲು ಮಂದಿ ಮೀನು ತಿನ್ನುತ್ತಾರೆ. ಅಲ್ಲಿನ ಬೌದ್ಧ ಪಂಥವಾದ ಥೇರವಾದದ ಭಿಕ್ಷುಗಳು ಭಿಕ್ಷಾಪಾತ್ರೆಗೆ ಬಿದ್ದದ್ದನ್ನು ಸ್ವೀಕರಿಸುವವರು. ತಮಗೆಂದೇ ಕೊಂದದ್ದು ಕೂಡದು ಎಂಬುದು ಅವರ ಮುಖ್ಯ ನಿಯಮ. ಹಾಗಿದ್ದರೂ ಅಲ್ಲಿನ ಅಡುಗೆಯ ಬೇರಿರುವುದು ಅನ್ನ, ತೆಂಗಿನಕಾಯಿ, ಸೊಪ್ಪು, ತರಕಾರಿಗಳಲ್ಲಿ. ಒಂದೇ ಒಂದು ವಸ್ತುವಿನ ಬಗ್ಗೆ ಎಚ್ಚರ ವಹಿಸಿದರೆ ನೀವು ಚೆನ್ನಾಗಿಯೇ ಉಣ್ಣುತ್ತೀರಿ.

ಆ ವಸ್ತುವಿನ ಹೆಸರು ಉಂಬಲಕಡ. ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಕೊರಡಿನಷ್ಟು ಗಟ್ಟಿಯಾಗುವವರೆಗೆ ಬಿಸಿಲಲ್ಲಿ ಒಣಗಿಸಿದ್ದು. ಮೂಲತಃ ಮಾಲ್ಡೀವ್ಸ್‌ನಿಂದ ಬಂದದ್ದು. ಅದನ್ನು ಕುಟ್ಟಿ ಒಂದು ಚಿಟಿಕೆ ಹಾಕಿದರೆ ಸಾಕು, ಅಡುಗೆಗೆ ರುಚಿ ಬಂತು ಎನ್ನುತ್ತಾರೆ. ತೆಂಗಿನತುರಿಯ ಪೊಲ್ ಸಂಬೋಲ, ಈರುಳ್ಳಿ ಮೆಣಸಿನಕಾಯಿ ಅರೆದ ಲುನುಮಿರಿಸ್, ಸಿಹಿಖಾರದ ಸೀನಿ ಸಂಬೋಲ ಮೂರರಲ್ಲೂ ಸಾಮಾನ್ಯವಾಗಿ ಇದು ಇರುತ್ತದೆ. ಶಾವಿಗೆಯ ಜೊತೆ ಕೊಡುವ, ನೋಡಲು ಬರೀ ತೆಂಗಿನಹಾಲಿನಂತಿರುವ ಕಿರಿಹೊದಿಯಲ್ಲೂ ಇರಬಹುದು. ಬಡಿಸುವವರಿಗೆ ಮೋಸ ಮಾಡುವ ಉದ್ದೇಶ ಖಂಡಿತ ಇರುವುದಿಲ್ಲ. ಅವರ ಲೆಕ್ಕದಲ್ಲಿ ಅದು ಮಸಾಲೆ. ಹಾಗಾಗಿ ‘ಇದು ವೆಜ್ಜಾ?’ ಎಂದು ಕೇಳಿ ಪ್ರಯೋಜನವಿಲ್ಲ, ಹೌದು ಎಂದೇ ಹೇಳುತ್ತಾರೆ. ‘ಉಂಬಲಕಡ ಎಪಾ’, ಅಂದರೆ ಉಂಬಲಕಡ ಬೇಡ, ಎಂದು ಹೆಸರು ಹಿಡಿದೇ ಹೇಳಿ. ‘ಮಸ್ ಎಪಾ, ಮಾಳು ಎಪಾ, ಬಿತ್ತರ ಎಪಾ’ ಎಂದರೆ ಮಾಂಸ, ಮೀನು, ಮೊಟ್ಟೆ ಬೇಡವೆಂದಾಯಿತು. ತಮಿಳು ಮಾತಾಡುವ ಕಡೆ ಇದೇ ಉಂಬಲಕಡಕ್ಕೆ ಮಾಸಿ ಎನ್ನುತ್ತಾರೆ. ಈ ನಾಲ್ಕು ಮಾತು ಕಲಿತು ಹೋಗಿ. ಬ್ಯಾಗಿನ ತುಂಬ ಅವಲಕ್ಕಿ, ಚಟ್ನಿಪುಡಿ ಹೊರುವುದಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ತಟ್ಟೆಯ ವಿಷಯ. ಮಧ್ಯಾಹ್ನದ ಊಟವೆಂದರೆ ಅನ್ನದ ಸುತ್ತ ನಾಲ್ಕೈದು ಬಗೆ. ತೆಂಗಿನಹಾಲಿನಲ್ಲಿ ಬೆಂದ ತೊಗರಿಯಲ್ಲದ ಕೆಂಪು ಬೇಳೆ ‘ಪರಿಪ್ಪು’ ಇದ್ದೇ ಇರುತ್ತದೆ. ಜೊತೆಗೆ ಎರಡು ತರಕಾರಿ, ಸೊಪ್ಪು ಕೊಚ್ಚಿ ತೆಂಗಿನತುರಿ ಕಲಸಿದ ಮಲ್ಲುಂ, ಹಪ್ಪಳ. ಮೀನೋ ಕೋಳಿಯೋ ಪಕ್ಕಕ್ಕೆ ಬರುವ ಒಂದು ತುಂಡು ಅಷ್ಟೆ, ಅದನ್ನು ಬಿಟ್ಟರೂ ಊಟ ಅರೆಬರೆ ಎನಿಸುವುದಿಲ್ಲ. ಕೈಯಲ್ಲೇ ಕಲಸಿ ಉಣ್ಣುತ್ತಾರೆ, ನಿಮಗೇನೂ ಹೊಸದಲ್ಲ. ಮಲ್ಲುಂಗೆ ಹಾಕುವ ಗೊಟುಕೊಳ ನಮ್ಮ ಒಂದೆಲಗವೇ. ಬೆಳಿಗ್ಗೆ ರಸ್ತೆಬದಿಯಲ್ಲಿ ಮಾರುವ ಕೊಳಕೆಂದ ಎಂಬ ಹಸಿರು ಗಂಜಿಗೂ ಇಂಥ ಸೊಪ್ಪಿನ ರಸ ಬೀಳುತ್ತದೆ, ನಂಚಿಕೊಳ್ಳಲು ಬೆಲ್ಲದ ಚೂರು ಕೊಡುತ್ತಾರೆ. ಅನುರಾಧಪುರದ ಕಡೆಯ ಒಣಭೂಮಿಯಲ್ಲಿ ರಾಗಿ ಹಳೆಯ ಬೆಳೆ. ಅಲ್ಲಿಯವರ ಕುರಕ್ಕನ್ ತಲಪ ನಮ್ಮ ಮುದ್ದೆಯ ಬಳಗದ್ದೇ.

ಎಲ್ಲಕ್ಕಿಂತ ಮಿಗಿಲಾದುದು ಹಲಸು. ಎಳೆಯದಾದರೆ ಪೊಲೊಸ್, ಬಲಿತರೆ ಕೊಸ್. ಹಣ್ಣಿನಲ್ಲೂ ಗಟ್ಟಿ ತೊಳೆಯ ವರಕ, ಮೆತ್ತನೆಯ ವೆಲ ಎಂದು ಎರಡು ಜಾತಿ, ನಮ್ಮಲ್ಲಿ ಬಕ್ಕೆ, ಬಿಳುವ ಇರುವಂತೆ. ಹಲಸನ್ನು ‘ಅನ್ನದ ಮರ’ ಎಂದು ಕರೆಯುತ್ತಾರೆ. ಅಕ್ಕಿಗೆ ಬರ ಬಂದಾಗ ಹೊಟ್ಟೆ ತುಂಬಿಸಿದ ಮರವದು. 20ನೇ ಶತಮಾನದ ಮೊದಲ ಭಾಗದಲ್ಲಿ ಆರ್ಥರ್ ವಿ. ಡಯಾಸ್ ಎಂಬವರು ದೇಶದುದ್ದಕ್ಕೂ ಹಲಸು ನೆಡಿಸುವ ಆಂದೋಲನ ನಡೆಸಿದರು. ಜನ ಪ್ರೀತಿಯಿಂದ ‘ಕೊಸ್ ಮಾಮಾ’ ಎಂದು ಕರೆದದ್ದು ಅವರನ್ನೇ. ಇವತ್ತಿಗೂ ಅಲ್ಲಿ ಹಲಸಿನ ಮರ ಕಡಿಯಲು ಸರಕಾರದ ಅನುಮತಿ ಬೇಕು. ಎಳೆ ಹಲಸನ್ನು ಮಣ್ಣಿನ ಮಡಕೆಯಲ್ಲಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಪೊಲೊಸ್ ಅಂಬುಲಕ್ಕೆ ಹುಳಿಯಾಗಿ ಬೀಳುವ ಗೊರಕ ಮಲೆನಾಡಿನ ಉಪ್ಪಾಗೆಯೇ. ಅಷ್ಟು ದೂರ ಹೋಗಿ ಇದನ್ನು ತಿನ್ನದೆ ಪನೀರ್ ಬಟರ್ ಮಸಾಲಾ ಹುಡುಕಿಕೊಂಡು ಅಲೆಯುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆದಷ್ಟೂ ಮನೆಮಂದಿಯೇ ನಡೆಸುವ ಗೆಸ್ಟ್‌ಹೌಸುಗಳಲ್ಲಿ ಉಳಿದುಕೊಳ್ಳಿ. ರಾತ್ರಿಯೂಟ ಬೇಕೆಂದು ಬೆಳಿಗ್ಗೆಯೇ ಹೇಳಿಟ್ಟರೆ ಉಂಬಲಕಡ ಇಲ್ಲದೆ ಏಳೆಂಟು ಬಗೆ ಮಾಡಿ ಬಡಿಸುವ ಮನೆಗಳಿವೆ. ಹೋಟೆಲಿನವರಿಗೆ ಅಷ್ಟು ಪುರುಸೊತ್ತಿರುವುದಿಲ್ಲ.

ಹುಣ್ಣಿಮೆಯ ದಿನ ನಿಮಗೆ ಸುಲಭ. ಪ್ರತಿ ಹುಣ್ಣಿಮೆಯೂ ಅಲ್ಲಿ ‘ಪೋಯ’, ದೇಶಕ್ಕೇ ಸಾರ್ವಜನಿಕ ರಜೆ. ಅಂದು ಮದ್ಯ ಮಾರುವಂತಿಲ್ಲ, ಮಾಂಸದಂಗಡಿಗಳೂ ಮುಚ್ಚಿರುತ್ತವೆ. ಜನ ಬಿಳಿ ಬಟ್ಟೆಯುಟ್ಟು ವಿಹಾರಗಳಿಗೆ ಹೋಗುತ್ತಾರೆ. ಮೇ ತಿಂಗಳ ವೆಸಾಕ್ ಹುಣ್ಣಿಮೆಗೆ ಹೋದರಂತೂ ದಾರಿಯುದ್ದಕ್ಕೂ ದನ್ಸಲ್‌ಗಳು: ಊರವರು ಚಂದಾ ಎತ್ತಿ, ತಾವೇ ಬೇಯಿಸಿ, ಹೋಗಿಬರುವವರನ್ನೆಲ್ಲ ನಿಲ್ಲಿಸಿ ಅನ್ನವನ್ನೋ ಕಡಲೆಯನ್ನೋ ಬಿಟ್ಟಿಯಾಗಿ ಬಡಿಸುವ ಚಪ್ಪರಗಳು. ಪರದೇಶದವರೆಂದು ಸಂಕೋಚಪಟ್ಟು ದೂರ ನಿಲ್ಲಬೇಡಿ. ಉಣ್ಣುವವರು ಇದ್ದರೇ ಬಡಿಸುವವರಿಗೆ ಪುಣ್ಯ.

ಉತ್ತರದ ಜಾಫ್ನಾಕ್ಕೆ ಹೋದರೆ ಚಿಂತೆ ಇನ್ನೂ ಕಡಿಮೆ. ಅಲ್ಲಿಯ ತಮಿಳು ಶೈವರ ಹೋಟೆಲುಗಳಲ್ಲಿ ‘ಸೈವಂ’ ಎಂಬ ಬೋರ್ಡು ನೋಡಿ ಒಳಹೋದರೆ ಮತ್ತೇನೂ ಕೇಳಬೇಕಿಲ್ಲ. ಜುಲೈ, ಆಗಸ್ಟ್ ಸುಮಾರಿಗೆ ನಲ್ಲೂರು ಕಂದಸ್ವಾಮಿ ದೇವಸ್ಥಾನದ 25 ದಿನದ ಉತ್ಸವ ನಡೆಯುವಾಗ ಎಷ್ಟೋ ಮನೆಗಳಲ್ಲಿ ಮೀನು ಮಾಂಸ ಮುಟ್ಟುವುದಿಲ್ಲ. ಕೊಲಂಬೊದಲ್ಲೂ ವೆಳ್ಳವತ್ತೆ ಕಡೆ ಇಂಥ ಹೋಟೆಲುಗಳು ಸಿಗುತ್ತವೆ.

ಬೀದಿಯ ತಿಂಡಿಗಳಲ್ಲಿ ಸ್ವಲ್ಪ ಜಾಗ್ರತೆ. ಸಂಜೆಯಾದರೆ ಕಾವಲಿಯ ಮೇಲೆ ಎರಡು ತಗಡುಗಳಿಂದ ರೊಟ್ಟಿ ಕೊಚ್ಚುವ ಸದ್ದು ಊರಿಗೆಲ್ಲ ಕೇಳಿಸುತ್ತದೆ, ಅದೇ ಕೊತ್ತು. ತರಕಾರಿ ಕೊತ್ತು ಕೇಳಿದರೂ ಮೊಟ್ಟೆ ಒಡೆದು ಹಾಕುವುದುಂಟು, ಮಾಂಸ ಹುರಿದ ಕಾವಲಿಯೂ ಅದೇ. ಕಾವಲಿಯ ವಿಷಯದಲ್ಲಿ ಕಟ್ಟುನಿಟ್ಟಿರುವವರು ಕೊತ್ತು ಬಿಟ್ಟುಬಿಡುವುದೇ ಒಳ್ಳೆಯದು. ವಡೆ ಕಂಡಾಗ ಮೇಲೆ ಸಿಗಡಿ ಕೂತಿದೆಯೇ ನೋಡಿ, ಕೂತಿದ್ದರೆ ಅದು ಇಸ್ಸೊ ವಡೆ. ಅಂಗಡಿಯಲ್ಲಿ ಕೂತೊಡನೆ ಕೇಳದೆಯೇ ಒಂದು ತಟ್ಟೆ ತುಂಬ ಬನ್ನು, ರೋಲು ತಂದಿಟ್ಟರೆ ಗಾಬರಿಯಾಗಬೇಡಿ. ತಿಂದದ್ದಕ್ಕೆ ಮಾತ್ರ ದುಡ್ಡು. ಅದರಲ್ಲಿ ತ್ರಿಕೋನದ ಬನ್ನು ಇದ್ದರೆ ಸಾಮಾನ್ಯವಾಗಿ ಮಾಳುಪಾನ್, ಒಳಗೆ ಮೀನು.

ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟವರಿಗೆ ಮಾತ್ರ ಅಲ್ಲಿ ಕಷ್ಟ, ಚಿಕ್ಕ ಕೆಂಪೀರುಳ್ಳಿಯಿಲ್ಲದ ಅಡುಗೆ ಅಪರೂಪ. ಅಂಥವರು ಅಡುಗೆಮನೆಯಿರುವ ವಸತಿಯನ್ನೇ ಹಿಡಿಯಲಿ. ಹೊರಗೆ ತಿನ್ನುವುದಕ್ಕೆ ಕಿತ್ತಳೆ ಬಣ್ಣದ ಸಿಪ್ಪೆಯ ತಂಬಿಲಿ ಎಳನೀರಿದೆ, ಬೇಲದ ಹಣ್ಣಿನ ಪಾನಕವಿದೆ. ದಕ್ಷಿಣಕ್ಕೆ ತಿಸ್ಸಮಹಾರಾಮದ ಹಾದಿಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಎಮ್ಮೆಮೊಸರನ್ನು ರಸ್ತೆಬದಿಯಲ್ಲೇ ಮಾರುತ್ತಾರೆ. ಬೈನೆ ಮರದ ಜೋನಿಬೆಲ್ಲ, ಅಲ್ಲಿಯವರ ಕಿತುಲ್ ಪಾನಿ, ಮೇಲೆ ಸುರಿಸಿಕೊಂಡು ತಿನ್ನಿ. ಅಗ್ಗದ ಬಾಟಲಿಗಳಲ್ಲಿ ಸಕ್ಕರೆಪಾಕ ಬೆರೆಸಿರುತ್ತಾರೆ, ಆದ್ದರಿಂದ ಮನೆಗೆ ಕೊಂಡೊಯ್ಯುವುದಿದ್ದರೆ ಮೊದಲು ರುಚಿ ನೋಡಿ ಕೊಳ್ಳಿ.